ಮಗ್ಗದ ಸದ್ದಿಗೆ ಮಲಗಿದ್ದು ಯಾರು?

ನಗುವವರು ಈಗಲೇ ನಕ್ಕುಬಿಡಿ, ಗೆಳತಿಯರೇ. ತವರಿನಲ್ಲಿ ಬಾಣಂತನ ಮುಗಿಸಿ ಚಳ್ಳಕೆರೆಯ ಅತ್ತೆಮನೆಗೆ ಬಂದಾಗಿನಿಂದ ಮಗಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಇವತ್ತು ಮಧ್ಯಾಹ್ನ ಅವಳ ಅಳು ತಡೆಯಲಾರದೆ, ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಿದ್ದ ಅವ್ವನಿಗೆ ಫೋನ್ ಮಾಡಿದೆ.

"ಅಲ್ಲಿ ನಿನ್ನ ಮಗ್ಗದ ಸದ್ದಿಗೇ ಮಲಗ್ತಿದ್ಳು. ಫೋನ್ ಮಗ್ಗದ ಪಕ್ಕ ಇಡವ್ವ."

ಅವ್ವ ಇಟ್ಟಳು.

ಎರಡು ತಾಸು ಕಳೆದ ಮೇಲೆ ನನಗೆ ಎಚ್ಚರವಾಯಿತು. ಮಗಳು ಅತ್ತೆಯ ತೊಡೆಯ ಮೇಲೆ ಆಡುತ್ತಿದ್ದಳು. ಮಲಗಿದ್ದು ನಾನು! ಫೋನಿನಲ್ಲಿ ಮಗ್ಗ ಇನ್ನೂ ಬಡಿಯುತ್ತಲೇ ಇತ್ತು.

"ಅವ್ವ, ಊಟಕ್ಕೂ ಏಳ್ಲಿಲ್ವಾ?"

"ನಿನ್ನ ಗೊರಕೆ ಕೇಳಿಸ್ತಿತ್ತು. ನಿಲ್ಸಿದ್ರೆ ಎದ್ಬಿಡ್ತೀಯ ಅಂತ ನೇಯ್ತಾನೇ ಇದ್ದೆ. ಕೂಸಿದ್ದಾಗ್ಲೂ ನೀನು ಹಂಗೇ."

ಆಗೆಲ್ಲ ಅವ್ವ ಯಾವಾಗ ಮಲಗುತ್ತಿದ್ದಳು? ಇಷ್ಟು ವರ್ಷ ನಿದ್ದೆ ಹೊಡೆದವಳಿಗೆ ಕೇಳಲು ಪುರಸೊತ್ತಾಗಿರಲಿಲ್ಲ.