ರೈಟರ್ ಸ್ವಾಮಿಯವರ ಹುಲಿ

ಪಾಂಡವಪುರದ ಮಹದೇವಸ್ವಾಮಿಯವರು ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದರೂ ಒಬ್ಬ ಕಳ್ಳನನ್ನೂ ಹಿಡಿದವರಲ್ಲ. ಹಿಡಿದು ತಂದವರ ಬಗ್ಗೆ ಬರೆದರು, ಅಷ್ಟೇ. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಎಲ್ಲಿಗೆ ವರ್ಗವಾದರೂ ಸಾಹೇಬರು ಅವರ ಅಕ್ಷರ ನೋಡಿದ ಕೂಡಲೇ ಲಾಠಿ ಇಸಿದುಕೊಂಡು ಪೆನ್ನು ಕೊಡುತ್ತಿದ್ದರು. ಹಾಗೆ ಠಾಣೆಯ ರೈಟರ್ ಆದರು. 'ಸದರಿ ಸ್ಥಳದ ಪೂರ್ವಕ್ಕೆ ಒಂದು ಹೊಂಗೆಮರವಿದ್ದು' ಎಂದು ಅವರು ಮಹಜರಿನಲ್ಲಿ ಬರೆದರೆ ಆ ಹೊಂಗೆಯ ನೆರಳು ಕಾಗದದ ಮೇಲೆ ಬಿದ್ದಂತಾಗುತ್ತಿತ್ತು. ಕೆಳಗಿನ ಸಹಿ ಮಾತ್ರ ಸಾಹೇಬರದು.

ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತರಾದರು. ಇನ್ಸ್‌ಪೆಕ್ಟರ್ ಆಗಲಿಲ್ಲವಲ್ಲ ಎಂಬುದು ಅವರಿಗೆ ದೊಡ್ಡ ಕೊರಗೇನಲ್ಲ. ಒಕ್ಕಣೆಯ ದಿನ ಅಂಗಿಯೊಳಗೆ ಸೇರಿಕೊಂಡ ಭತ್ತದ ಸುಂಕಿನ ಹಾಗೆ, ಎಲ್ಲಿದೆ ಎಂದು ಗೊತ್ತಾಗದೆ ಕೆರೆಯುವಂಥದ್ದು.

ಆದ್ದರಿಂದ ಒಂದು ದಿನ ಮಗಳು ಮೇಘನ, "ಅಪ್ಪ, ನಮ್ ಆಟದಲ್ಲಿ ನೀನು ಇನ್ಸ್‌ಪೆಕ್ಟರ್ ಆಗ್ತೀಯಾ?" ಎಂದು ಕೇಳಿದಾಗ, ಅವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

ಮೇಘನ ಮತ್ತು ಅವಳ ಜೊತೆ ಓದಿದ ಶ್ರೀರಂಗಪಟ್ಟಣದ ಆತಿಯಾ ಸೇರಿ ಕಂಪ್ಯೂಟರಿನಲ್ಲಿ ಆಡುವ ಪತ್ತೇದಾರಿ ಆಟವೊಂದನ್ನು ಕಟ್ಟುತ್ತಿದ್ದರು. ಮಾತು, ಕಥೆ ಮೇಘನಳದು. ಚಿತ್ರ, ದನಿ ಆತಿಯಾಳದು. ಆಟದೊಳಗೆ, ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಹೊಳೆ ಕಾವೇರಿಗೆ ಸೇರುವ ಕಡೆ, ಒಂದು ಪೇಟೆ. ಅಜ್ಜಿಕಥೆಗಳ ಜನ ತಮ್ಮ ತಮ್ಮ ಕಥೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಇಲ್ಲಿ ಬಂದು ಬಾಡಿಗೆ ಮನೆ ಹಿಡಿದಿದ್ದಾರೆ. ಏಳನೆಯ ರಾಜಕುಮಾರ ಆಟೋ ಓಡಿಸುತ್ತಾನೆ. ಆರು ಜನ ಹಿರಿರಾಣಿಯರು ಒಂದೇ ವಠಾರದಲ್ಲಿ ಒಂದೇ ನಲ್ಲಿಗೆ ಜಗಳವಾಡುತ್ತಾರೆ. ಗುಳ್ಳೆನರಿ ಸೈಟಿನ ಬ್ರೋಕರು. ರಾಕ್ಷಸ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾನೆ. ಒಂದು ಬೆಳಿಗ್ಗೆ, ಆ ರಾಕ್ಷಸನ ಪ್ರಾಣವಿದ್ದ ಗಿಳಿ ಪಂಜರದಲ್ಲಿ ಸತ್ತು ಬಿದ್ದಿದೆ. ಗಿಳಿ ಸತ್ತರೆ ರಾಕ್ಷಸನೂ ಸಾಯಬೇಕು. ಆದರೆ ರಾಕ್ಷಸ ಆಲೆಮನೆಯ ಮುಂದೆ ಕೂತು ಟೀ ಕುಡಿಯುತ್ತಿದ್ದಾನೆ! ಗಿಳಿಯನ್ನು ಕೊಂದವರು ಯಾರು, ಅದರೊಳಗಿನ ಪ್ರಾಣ ಎಲ್ಲಿ ಹೋಯಿತು ಎಂದು ಪತ್ತೆ ಮಾಡಬೇಕಾದವನು ಹುಲಿ. ಕಥೆಗಳಲ್ಲಿ ದನ ತಿಂದ ಪಾಪಕ್ಕೆ ಈಗ ಖಾಕಿ ತೊಟ್ಟಿರುವ, ಸದಾ ಮಳೆಯಲ್ಲಿ ನೆನೆಯುವ, ಬೀಡಿ ಸೇದುತ್ತ ತನ್ನೊಳಗೇ ಮಾತಾಡಿಕೊಳ್ಳುವ ಇನ್ಸ್‌ಪೆಕ್ಟರ್ ಹುಲಿ. ಅದರ ದನಿ ಸ್ವಾಮಿಯವರದಾಗಬೇಕಿತ್ತು.

ಸಂಜೆಯೊಳಗೆ ಬಸ್ ನಿಲ್ದಾಣದ ಟೀ ಅಂಗಡಿಗೆಲ್ಲ ಸುದ್ದಿ ಗೊತ್ತಾಯಿತು. ಹೇಳಿದವರು ಸ್ವಾಮಿಯವರೇ. ಅವರ ಭಾವಮೈದ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ರವೀಂದ್ರ, ಸಲ್ಯೂಟ್ ಹೊಡೆದು, "ಏನ್ ಭಾವ, ರಿಟೈರಾದ್ಮೇಲೆ ಪ್ರಮೋಷನ್ನಾ? ಅದೂ ಕಾಡುಪ್ರಾಣಿ ಕೋಟಾದಲ್ಲಾ?" ಎಂದ. ಎಲ್ಲರೂ ನಕ್ಕರು. ಸ್ವಾಮಿಯವರೂ ನಕ್ಕರು. ಆದರೆ ಮನೆಗೆ ಬಂದವರೇ ಮೀಸೆಗೆ ಬಣ್ಣ ಹಚ್ಚಿಕೊಂಡರು, ದನಿಯಲ್ಲಿ ಮೀಸೆ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಮೊದಲು ಮೇಘನ ಬರೆದ ನಲವತ್ತು ಪುಟ ಓದಿದರು. ಓದಿ ಕೆಂಪು ಪೆನ್ನು ಕೇಳಿದರು.

"ಇದೇನವ್ವ, ಪಂಚರಿಲ್ದೆ, ಸಾಕ್ಷಿ ಇಲ್ದೆ ಹುಲಿ ಒಬ್ನೇ ಮನೆ ಒಳಕ್ಕೋಗದಾ? ಮಹಜರ್ ಯಾರು ಬರೀತಾರೆ?"

"ಅಪ್ಪ, ಪತ್ತೇದಾರಿ ಕತೆಗಳಲ್ಲಿ ಒಬ್ನೇ ಹೋಗೋದು."

"ಡ್ಯೂಟೀಲಿ ಬೀಡಿ ಬೇರೆ. ಇನ್ನು ಈ ಗಿಳೀನ ಏಳು ಸಮುದ್ರದಾಚೆಯಿಂದ ತಂದದ್ದು ಅಂತ ಬರ್ದಿದ್ದೀಯ. ಅದು ನಮ್ ಸರಹದ್ದಿಗೆ ಬರಕಿಲ್ಲ ಕಣವ್ವ. ಕೇಸು ಆ ಠಾಣೆಗೆ ವರ್ಗಾಯಿಸ್ಬೇಕಾಯ್ತದೆ."

"ಅಪ್ಪಾ!"

"ಮತ್ತೆ ಯಾವಾಗ್ಲೂ ಮಳೆ ಯಾಕೆ? ಇಷ್ಟು ಮಳೆ ಉಯ್ದ್ರೆ ಕನ್ನಂಬಾಡಿ ಕಟ್ಟೆ ತುಂಬಿ, ಗೇಟ್ ತಗ್ದು, ನಿನ್ ಪೇಟೆ ಯಾವತ್ತೋ ಮುಳುಗೋಗಿರದು."

ಒಳಗಿನಿಂದ ಸೊಪ್ಪು ಬಿಡಿಸುತ್ತ ಬಂದ ಅವರ ಹೆಂಡತಿ ಮಾಯಮ್ಮ ಪರದೆಯ ಮೇಲಿನ ಚಿತ್ರ ನೋಡಿದರು. ಹುಲಿಯ ಕಚೇರಿಗೆ ಕೆಂಪು ಸೀರೆಯ ಹೆಂಗಸೊಬ್ಬಳು ಬಂದು ನಿಂತಿದ್ದಳು, ಕಣ್ಣಿನ ತುಂಬ ಗುಟ್ಟು ಇಟ್ಟುಕೊಂಡು.

"ಇವಳ ಮೇಲೆ ಎಲ್ರಿಗೂ ಅನುಮಾನ ಬರ್ಬೇಕು ಆಂಟಿ," ಎಂದಳು ಆತಿಯಾ.

"ತುಟಿಗೆ ಇಷ್ಟು ಕೆಂಪು ಬಳ್ಕಂಡಿದ್ಮೇಲೆ ಇವಳಲ್ಲ ಬುಡು. ಕತೇಲಿ ಅಂಗ್ ಕಾಣೋರು ಮಾಡಿರಕಿಲ್ಲ." ಆಮೇಲೆ ಪರದೆಯ ಮೂಲೆಯಲ್ಲಿ ಮೂಡಿದ ಸಾಲನ್ನು ಓದಿದರು: 'ನೀವು ಹೇಳಿದ್ದನ್ನು ಹಿರಿರಾಣಿ ನೆನಪಿಟ್ಟುಕೊಳ್ಳುತ್ತಾಳೆ.' "ನಮ್ಮತ್ತೆನೂ ಇಂಗೇಯ," ಎಂದು ನಿಟ್ಟುಸಿರು ಬಿಟ್ಟು ಅಡುಗೆಮನೆಗೆ ಹೋದರು.

ಮೈಸೂರಿನ ಸ್ಪರ್ಧೆಯೊಂದಕ್ಕೆ ಆಟವನ್ನು ಸೋಮವಾರದೊಳಗೆ ಕಳಿಸಬೇಕಿತ್ತು. ಬುಧವಾರ ದನಿ ಹಿಡಿಯಲು ಶುರು ಮಾಡಿದರು. ಮಲಗುವ ಕೋಣೆಯ ಕಿಟಕಿಗೆ ಎರಡು ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಸ್ವಾಮಿಯವರನ್ನು ಮೈಕಿನ ಮುಂದೆ ಕೂರಿಸಿದರು. ಮೇಘನ ಬರೆದಿದ್ದ ಮೊದಲ ಮಾತು ಹೀಗಿತ್ತು: "ಈ ಪೇಟೆಯಲ್ಲಿ ಮಳೆಗೂ ಸುಳ್ಳು ಹೇಳಲು ಬರುತ್ತದೆ."

ಸ್ವಾಮಿಯವರು ಗಂಟಲು ಸರಿ ಮಾಡಿಕೊಂಡರು. ನಂತರ, ಮೂವತ್ತೆರಡು ವರ್ಷ ಫಿರ್ಯಾದಿಗಳಿಗೆ ಅವರವರ ಹೇಳಿಕೆ ಓದಿ ಹೇಳಿದ ಅದೇ ಧಾಟಿಯಲ್ಲಿ, ಎಲ್ಲೂ ಏರದೆ ಎಲ್ಲೂ ಇಳಿಯದೆ, ಕೊನೆಗೆ 'ಓದಿ ಕೇಳಲಾಗಿ ಸರಿಯಿದೆ' ಎಂಬುದೊಂದು ಬಾಕಿ ಎನ್ನುವ ಹಾಗೆ ಓದಿದರು.

"ಅಂಕಲ್, ಸ್ವಲ್ಪ ನೋವು ತನ್ನಿ," ಎಂದಳು ಆತಿಯಾ.

ನೋವು ತಂದರು. ಹಲ್ಲುನೋವಿನಂತೆ ಕೇಳಿಸಿತು.

ಬುಧವಾರ ಹೋಯಿತು, ಗುರುವಾರ ಹೋಯಿತು. ಶುಕ್ರವಾರ ಸಂಜೆ ಆತಿಯಾ ಅವರೆದುರಿಗೇ ಕುಳಿತು, ಬೆರಳು ಹಿಸುಕಿಕೊಳ್ಳುತ್ತ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಅಂಕಲ್. ಅಬ್ಬಾಜಾನ್‌ಗೆ ಗೊತ್ತಿರೋ ಒಬ್ರು ಇದ್ದಾರೆ, ನಾಗಮಂಗಲದ ಚಲುವರಾಜು ಅಂತ. ನಾಟಕದಲ್ಲಿ ಗದೆ ಹಿಡಿಯೋ ಪಾರ್ಟು ಮಾಡ್ತಾರೆ. ನಾಳೆ ಅವರನ್ನ ಒಂದ್ಸಲ ಕರೆಸಿ ನೋಡೋಣ್ವಾ?"

"ಕರೆಸಿ, ಕರೆಸಿ. ಆಟ ಮುಖ್ಯ," ಎಂದರು ಸ್ವಾಮಿಯವರು. ಅಂದು ಅವರು ಬಸ್ ನಿಲ್ದಾಣದ ಕಡೆ ಹೋಗಲಿಲ್ಲ. ರವೀಂದ್ರನ ಮುಖ ನೋಡುವುದು ಹೇಗೆ? ಇಲಾಖೆ ಕೊಡದಿದ್ದ ಇನ್ಸ್‌ಪೆಕ್ಟರ್ ಹುದ್ದೆಯನ್ನು ಮಗಳು ಕೊಟ್ಟಳು. ಅದನ್ನೂ ಮೂರು ದಿನದಲ್ಲಿ ಕಳೆದುಕೊಂಡೆನಲ್ಲ ಎಂದು ಹಿತ್ತಿಲಿನಲ್ಲಿ ಕರಿಬೇವಿನ ಗಿಡಕ್ಕೆ ಬೇಡದಷ್ಟು ನೀರು ಹಾಕಿದರು.

ಶನಿವಾರ ಹತ್ತು ಗಂಟೆಗೆ ಚಲುವರಾಜು ಬಂದ. ಅಗಲವಾದ ಎದೆ, ಕಿವಿಯ ಕೆಳಗಿನವರೆಗೆ ಇಳಿದ ಕೃದಾ. ಮೈಕಿನ ಮುಂದೆ ನಿಂತು ಒಂದು ಕಾಲು ಮುಂದಿಟ್ಟು, "ಎಲವೋ ಗುಳ್ಳೆನರಿ!" ಎಂದ. ಆತಿಯಾ ಕಿವಿಯಿಂದ ಹೆಡ್‌ಫೋನ್ ಕಿತ್ತೆಸೆದಳು. ಪಕ್ಕದ ಮನೆಯ ಕುಳ್ಳಮ್ಮ ಬಾಗಿಲಿಗೆ ಬಂದು, "ಯಾರಿಗೇನಾಯ್ತವ್ವಾ?" ಎಂದು ಕೇಳಿದಳು.

ಆದರೂ ಆತಿಯಾ ಮೇಘನಳ ಕಿವಿಯಲ್ಲಿ ಅಂದಳು: "ಜಾಸ್ತಿ ಇರೋದನ್ನ ಕಮ್ಮಿ ಮಾಡ್ಬಹುದು. ಇಲ್ದೇ ಇರೋದನ್ನ ಎಲ್ಲಿಂದ ತರೋದು?" ಕೋಣೆ ಚಿಕ್ಕದು. ಮಂಚದ ತುದಿಯಲ್ಲಿ ಕೂತಿದ್ದ ಸ್ವಾಮಿಯವರಿಗೂ ಅದು ಕೇಳಿಸಿತು.

ಚಲುವರಾಜು ಹಜಾರದಲ್ಲಿ ತಿಂಡಿ ತಿನ್ನುತ್ತಿರುವಾಗ ಮಾಯಮ್ಮನವರ ಸರದಿ ಬಂತು. ಅವರದು ಹೂವು ಮಾರುವ ಮುದುಕಿಯ ಸಣ್ಣ ಪಾತ್ರ. ಗಿಳಿ ಸತ್ತ ಬೆಳಿಗ್ಗೆ ಆ ಬೀದಿಯಲ್ಲಿ ಹಾದುಹೋದವಳು; ಏನು ಕಂಡೆ ಎಂದು ತನಗೆ ಬಂದ ಹಾಗೆ ಹೇಳಬೇಕು.

"ಆವತ್ತು ಒತ್ತಾರೆ ಹೂವಿನ ಪುಟ್ಟಿ ಎತ್ಕಂಡು ಬತ್ತಿದ್ದೆ ಕಣಪ್ಪಾ," ಎಂದು ಶುರು ಮಾಡಿದರು ಮಾಯಮ್ಮ. "ಪಂಜ್ರ ಬಾಗ್ಲಲ್ಲೇ ನೇತಾಕಿತ್ತು." ನಿಲ್ಲಿಸಿದರು.

ಹುಡುಗಿಯರು ಕಾದರು.

"ಯಾಕವ್ವ ನಿಲ್ಲಿಸ್ಬುಟ್ಟೆ?"

"ಯಾರೂ ಊಂ ಅನ್ನನೇ ಇಲ್ವಲ್ಲ."

"ಆಂಟಿ, ರೆಕಾರ್ಡಿಂಗಲ್ಲಿ ನಾವು ಸದ್ದು ಮಾಡೋ ಹಂಗಿಲ್ಲ. ನಾನು ತಲೆ ಅಲ್ಲಾಡಿಸ್ತೀನಿ, ನೀವು ಹೇಳಿ."

"ತಲೆ ಅಲ್ಲಾಡ್ಸಕೆ ನೀನೇನು ಕೋಲೆಬಸವನಾ ಮಗಾ? ಊಂಗುಟ್ಟೋರು ಇಲ್ದಿದ್ರೆ ಕತೆ ಎಂಗೆ ಮುಂದುಕ್ಕೋದದು? ನಾನೇನು ಗೋಡೆಗೆ ಏಳ್ಲಾ?"

ಮತ್ತೆ ಶುರು ಮಾಡಿದರು, ಮತ್ತೆ ಪಂಜರದ ಹತ್ತಿರಕ್ಕೆ ಬಂದು ನಿಂತರು. ಮೂರನೆಯ ಸಲವೂ ಅಲ್ಲಿಯೇ. ಆಗ ಮಂಚದ ಮೂಲೆಯಿಂದ, ತಲೆಯೆತ್ತದೆಯೇ, ಸ್ವಾಮಿಯವರು ಅಂದರು:

"ಹೂಂ."

ಕಟ್ಟೆ ಒಡೆದ ಕಾಲುವೆಯಂತೆ ಮಾಯಮ್ಮನವರ ಮಾತು ಹರಿಯಿತು. "ಆ ಗಿಳಿ ಮುದಿಯಾಗಿತ್ತು ಕಣಪ್ಪ. ಪುಕ್ಕ ಎಲ್ಲ ಉದುರೋಗಿತ್ತು. ಇಂದ್ಲ ದಿನದಿಂದ ಕಾಳು ಮುಟ್ಟಿರ್ನಿಲ್ಲ."

"ಹೂಂ."

"ನಾನೇನೂ ಮಾಡ್ನಿಲ್ಲ. ನೋಡ್ದೆ, ಬಂದೆ, ಅಷ್ಟೇಯ."

"ಹೂಂ?"

ಈ ಹೂಂ ಬೇರೆ. ಅದರ ಬಾಲ ಸ್ವಲ್ಪ ಮೇಲಕ್ಕೆದ್ದಿತ್ತು. ಮಾಯಮ್ಮ ಸೆರಗಿನ ಅಂಚು ಹಿಡಿದುಕೊಂಡರು. ಮುಂದೇನೆಂದು ಅವರಿಗೂ ಗೊತ್ತಿರಲಿಲ್ಲ. ಆಗ ಸ್ವಾಮಿಯವರು ಇನ್ನೊಂದು ಹೂಂ ಅಂದರು. ಉದ್ದವಾದದ್ದು, ಮೆತ್ತಗಿನದು. ಠಾಣೆಯ ಬೆಂಚಿನ ಮೇಲೆ ಕೂತು ಮಾತು ಹೊರಡದೆ ಬಿಕ್ಕುವವರಿಗೆ, ಪೆನ್ನನ್ನು ಕೆಳಗಿಟ್ಟು, ಎಷ್ಟು ಹೊತ್ತಾದರೂ ಆಗಲಿ ತಾಯಿ ಎನ್ನುವ ಹಾಗೆ ಹೇಳುತ್ತಿದ್ದ ಹೂಂ.

"ಅದು ಸತ್ರೆ ಅವ್ನೂ ಸಾಯ್ತನಲ್ಲಪ್ಪ," ಎಂದರು ಮಾಯಮ್ಮ. ಅವರ ದನಿ ಒಡೆದಿತ್ತು. "ಆ ಪ್ರಾಣವ ನಾನೇ ಮೆಲ್ಲಗೆ ತಗ್ದು ನನ್ ಎಲೆಅಡಿಕೆ ಚೀಲದಲ್ಲಿ ಮಡಿಕ್ಕಂಡೆ. ಆಮೇಲೆ ಗಿಳಿ ತಾನಾಗೇ ಕಣ್ಮುಚ್ತು. ರಾಕ್ಷಸ ಆದ್ರೇನು? ಅವ್ನೂ ಒಬ್ಬಳು ಎತ್ತ ಮಗ ಅಲ್ವಾ? ಅವಳಿಲ್ಲ, ಅದ್ಕೆ ನಾನು ಮಡಿಕ್ಕಂಡಿವ್ನಿ."

ಆತಿಯಾ ಕಣ್ಣೊರೆಸಿಕೊಂಡಳು. ಮೇಘನ ಮಾತ್ರ ಗಾಬರಿಯಾಗಿದ್ದಳು. "ಅವ್ವ, ಕೊಲೆ ಮಾಡಿದ್ದು ನರಿ! ನಾನು ಹಂಗೆ ಬರ್ದಿದ್ದೀನಿ!"

"ನರಿ ಅಂತ ಎಲ್ರಿಗೂ ಮೊದ್ಲೇ ಗೊತ್ತಲ್ಲವ್ವ. ಗೊತ್ತಿರದ್ನ ಪತ್ತೆ ಮಾಡಕೆ ಹುಲಿ ಯಾಕೆ?"

"ಹಾಗಾದ್ರೆ ಇದು ಕೊಲೆ ಅಲ್ಲ. ಸ್ವಾಭಾವಿಕ ಮರಣ," ಎಂದರು ಸ್ವಾಮಿಯವರು. ಮಧ್ಯೆ ಸದ್ದು ಮಾಡಿ ಕೆಲಸ ಕೆಡಿಸಿದೆನಲ್ಲ ಎಂದು ಆಗ ಹೊಳೆದು, "ತಪ್ಪಾಯ್ತು ಕಣಮ್ಮ. ಅಭ್ಯಾಸ," ಎಂದು ಎದ್ದು ನಿಂತರು.

"ಕೂತ್ಕೊಳ್ಳಿ ಅಂಕಲ್," ಎಂದಳು ಆತಿಯಾ. ಹಿಡಿದ ದನಿಯನ್ನು ಮತ್ತೆ ಹಾಕಿ ಕೇಳಿಸಿದಳು. ಮುದುಕಿ ಮಾತಾಡಿದಳು, ಹುಲಿ ಹೂಂ ಅಂದಿತು; ಮುದುಕಿ ಬಚ್ಚಿಟ್ಟಳು, ಹುಲಿ ಹೂಂ ಅಂದಿತು; ಮುದುಕಿ ಬಾಯಿಬಿಟ್ಟಳು. ಹುಲಿ ಕೆನ್ನೆಗೆ ಹೊಡೆಯಲಿಲ್ಲ, ಮಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಮೇಘನ, ಹುಲಿ ಮಾತೇ ಆಡೋದು ಬೇಡ," ಎಂದಳು ಆತಿಯಾ.

"ನನ್ನ ನಲವತ್ತು ಪುಟ?"

"ಅಲ್ಲಾ! ನಲವತ್ತು ಪುಟದಲ್ಲಿ ಇದಿದ್ಯಾ?"

ಮೇಘನ ಕಾಗದದ ಕಟ್ಟನ್ನು ನೋಡಿದಳು. ಸುಳ್ಳು ಹೇಳುವ ಮಳೆಯ ಸಾಲನ್ನು ಎರಡು ಸಲ ಓದಿದಳು, ಅದನ್ನು ಬರೆದ ದಿನ ಖುಷಿಗೆ ಊಟ ಸೇರಿರಲಿಲ್ಲ. ಆಮೇಲೆ ಕಟ್ಟನ್ನು ಹಾಸಿಗೆಯ ಕೆಳಗೆ ತಳ್ಳಿದಳು.

ಆಟ ಆಡುವವರಿಗೆ ಈಗ ಮೂರೇ ಗುಂಡಿ: ನಂಬುವ ಹೂಂ, ಅನುಮಾನದ ಹೂಂ, ಕಾಯುವ ಹೂಂ. ಯಾರ ಮುಂದೆ, ಯಾವ ಹೊತ್ತಿಗೆ, ಯಾವುದು ಎಂಬುದೇ ಪತ್ತೇದಾರಿ. ತಪ್ಪು ಹೂಂ ಒತ್ತಿದರೆ ಹಿರಿರಾಣಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮೇಘನ ಗುಂಡಿಗಳ ಮೇಲೆ 'ಊಂ' ಎಂದು ಬರೆದಾಗ ಸ್ವಾಮಿಯವರು ಒಪ್ಪಲಿಲ್ಲ. "ಬಾಯಲ್ಲಿ ಏನಾರ ಅನ್ಕೋ. ದಾಖಲೇಲಿ ಹಕಾರ ಇರ್ಬೇಕು," ಎಂದು ತಾವೇ ಕಾಗದದ ಮೇಲೆ ದುಂಡಗೆ ಬರೆದುಕೊಟ್ಟರು. ಆತಿಯಾ ಆ ಅಕ್ಷರವನ್ನೇ ಗುಂಡಿಗೆ ಹಾಕಿದಳು.

ಚಲುವರಾಜು ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಅವನಿಗೆ ಹೇಗೆ ಹೇಳುವುದೆಂದು ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಅಣ್ಣಾರ ಮುಂದೆ ನಾನು ಕೂಗಾಡದು ಚೆನ್ನಾಗಿರಕಿಲ್ಲ ಬುಡ್ರವ್ವ," ಎಂದ ಅವನೇ. "ಆ ರಾಕ್ಷಸನ ಪಾರ್ಟು ಖಾಲಿ ಐತಾ?"

ಸೋಮವಾರ ಆಟ ಮೈಸೂರಿಗೆ ಹೋಯಿತು. ಕೊನೆಯಲ್ಲಿ ಹೆಸರುಗಳು ಬರುವ ಕಡೆ 'ಇನ್ಸ್‌ಪೆಕ್ಟರ್: ಮಹದೇವಸ್ವಾಮಿ' ಎಂದಿದೆ, ಸಹಿ ಬೇರೆ ಯಾರದೂ ಇಲ್ಲ. ಅದನ್ನು ಅವರು ನಾಲ್ಕು ಸಲ ಹಾಕಿಸಿ ನೋಡಿದರು. ನಂತರ ಇಸ್ತ್ರಿ ಅಂಗಿ ತೊಟ್ಟು, ನಾಲ್ಕು ದಿನದ ಮೇಲೆ, ಟೀ ಅಂಗಡಿಗೆ ನಡೆದರು.

"ಬಂದ್ರು, ಇನ್ಸ್‌ಪೆಕ್ಟರ್ ಸಾಹೇಬ್ರು!" ಎಂದು ರವೀಂದ್ರ ಬೆಂಚು ಒರೆಸಿದ. "ಎಲ್ಲಿ ಭಾವ, ಒಂದು ಡೈಲಾಗ್ ಹೊಡೀರಿ ನೋಡನ. ಇಡೀ ಪಾಂಡವಪುರ ನಡುಗ್ಬೇಕು."

ಸ್ವಾಮಿಯವರು ಕೂತರು. ಟೀ ಲೋಟ ಕೆಳಗಿಟ್ಟರು. ರವೀಂದ್ರನ ಕಡೆ ತಿರುಗಿ, ಮೂರನೆಯದನ್ನು ಆರಿಸಿಕೊಂಡು, ಮೆತ್ತಗೆ ಅಂದರು:

"ಹೂಂ."

ರವೀಂದ್ರ ಗಹಗಹಿಸಿ ನಕ್ಕ. "ಇಷ್ಟೇನಾ? ಇದ್ಕೆ ಮೀಸೆಗೆ ಬಣ್ಣ ಬೇರೆ!" ಸುತ್ತ ನೋಡಿದ. ಸ್ವಾಮಿಯವರು ಅವನನ್ನೇ ನೋಡುತ್ತಿದ್ದರು, ಅವಸರವೇ ಇಲ್ಲದವರ ಹಾಗೆ. ರವೀಂದ್ರ ಇನ್ನೊಮ್ಮೆ ನಕ್ಕ. ಈ ಸಲದ್ದು ಸಣ್ಣದಾಗಿತ್ತು. ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಬೆಂಚಿನ ಮೇಲೆ ಒಂದಿಷ್ಟು ಹತ್ತಿರ ಸರಿದ.

"ಭಾವ," ಎಂದ ತಗ್ಗಿದ ದನಿಯಲ್ಲಿ, "ಹೋದ್ವರ್ಸ ನಿಮ್ ಬೈಕಿನ ಕನ್ನಡಿ ಒಡ್ದದ್ದು ಕೋತಿ ಅಲ್ಲ. ಅಕ್ಕಂಗೆ ಮಾತ್ರ ಹೇಳ್ಬ್ಯಾಡಿ..."