ಕಟ್ಟೆಯ ಮಂತ್ರಿ

ಅವಳಿಗೆ ಮಂತ್ರಿ ಎಂದು ಹೆಸರಿಟ್ಟವನು ಅವಳ ಗಂಡನೇ. ಅವನು ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡೇ ತಮಾಷೆ ಮಾಡುವ ಆಸಾಮಿ. ಬಟ್ಟೆಯ ಗಂಟು ಹೊತ್ತು, ಒದ್ದೆ ಪಾದದಲ್ಲಿ ಹೆಂಡತಿ ಒಳಗೆ ಬಂದಳೆಂದರೆ ಸಾಕು, "ಮಂತ್ರಿಗಳು ಬಂದ್ರು, ದಾರಿ ಬಿಡ್ರಪ್ಪಾ! ರಾಜ್ಯದ ಸಮಾಚಾರ ಏನು?" ಎನ್ನುತ್ತಿದ್ದ. ಅವಳೇನು ಬಿಡುವವಳೇ? "ರಾಜ್ಯ ಸುಭಿಕ್ಷವಾಗಿದೆ. ನಿಮ್ಮ ಅಂಗಿ ಕಾಲರಿನ ಜಿಡ್ಡು ಒಂದು ಹೋಗ್ತಿಲ್ಲ ಅಷ್ಟೆ" ಎನ್ನುವಳು. ಆ ಹೆಸರು ಮನೆಯಿಂದ ಬೀದಿಗಿಳಿಯಿತು, ಬೀದಿಯಿಂದ ಊರಿಗೆಲ್ಲ ಹಬ್ಬಿತು. ಕೊನೆಕೊನೆಗೆ ಹೆತ್ತವರು ಇಟ್ಟ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ರಾಜ್ಯವೆಂದರೆ ಕೆಳಗಿನ ಬೀದಿಯ ತುದಿಯಲ್ಲಿದ್ದ ಬಟ್ಟೆ ಒಗೆಯುವ ಕಟ್ಟೆ. ಕಂಬಗಳ ಮೇಲೆ ತಗಡಿನ ಮಾಡು, ಅದರಡಿ ಒಂದರ ಕೆಳಗೊಂದು ಇಳಿಜಾರಾಗಿ ಕಲ್ಲಿನ ತೊಟ್ಟಿಗಳು. ತೊರೆಯ ನೀರು ಮೊದಲ ತೊಟ್ಟಿಗೆ ಬಿದ್ದು, ಅದು ತುಂಬಿ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹರಿಯುತ್ತಿತ್ತು. ಮೇಲಿನದು ಜಾಲಿಸುವುದಕ್ಕೆ, ನಡುವಿನವು ಸೋಪು ಹಚ್ಚುವುದಕ್ಕೆ, ಕಟ್ಟಕಡೆಯದು ಕಾಯಿಲೆಯವರ ಬಟ್ಟೆಗೆ. ಕಾಯಿಲೆಯವರ ಬಟ್ಟೆ ತಂದವಳು ಪಾಳಿ ಕಾಯಬೇಕಿರಲಿಲ್ಲ. ಇದು ಯಾವ ಸರಕಾರ ಮಾಡಿದ ಕಾನೂನೂ ಅಲ್ಲ. ಅಲ್ಲಿ ಬಟ್ಟೆ ಒಗೆದು ಹೊಟ್ಟೆ ಹೊರೆಯುವ ಹೆಂಗಸರು, ಅವರ ತಾಯಂದಿರು, ಅತ್ತೆಯಂದಿರು ಕೂಡಿ ಮಾಡಿಕೊಂಡದ್ದು. ಪಾಚಿ ಯಾರು ಉಜ್ಜಬೇಕು, ಹೊಸಬಳಿಗೆ ಯಾವ ಕಲ್ಲು ಕೊಡಬೇಕು, ಎಲ್ಲವೂ ಅಲ್ಲೇ, ಮೊಣಕಾಲುದ್ದ ನೀರಿನಲ್ಲಿ ನಿಂತೇ ತೀರ್ಮಾನವಾಗುತ್ತಿತ್ತು.

ತೀರ್ಮಾನ ಮಾಡುವ ರೀತಿಯೊಂದಿತ್ತು. ಯಾರಾದರೂ ಒಂದು ಮಾತು ಎತ್ತುವರು. ಒಪ್ಪಿದವರು "ಆಗಲಿ" ಎನ್ನಬೇಕು, ಎಲ್ಲರಿಗೂ ಕೇಳುವ ಹಾಗೆ. ಒಪ್ಪದವರು ಏನೂ ಅನ್ನಬೇಕಾಗಿಲ್ಲ, ಬಟ್ಟೆ ಕುಕ್ಕುತ್ತಾ ಸುಮ್ಮನಿದ್ದರಾಯಿತು. ಒಬ್ಬಳು ಸುಮ್ಮನಿದ್ದರೂ ಮಾತು ಬಿದ್ದುಹೋಯಿತು. ಯಾಕೆ ಎಂದು ಅವಳನ್ನು ಕೇಳುವಂತಿಲ್ಲ. ದಿನವಿಡೀ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುವವರು, ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದರೆ ನಾಳೆ ಒಂದೇ ತೊಟ್ಟಿಗೆ ಕೈಹಾಕುವುದು ಹೇಗೆ?

ಒಮ್ಮೆ, ಮಧ್ಯಾಹ್ನ ಕಟ್ಟೆಗೆ ಯಾರೂ ಬರುವುದು ಬೇಡ, ತೊಟ್ಟಿಗಳು ತಿಳಿಯಾಗಲಿ ಎಂಬ ಮಾತು ಬಂತು. ಆಗಲಿ, ಆಗಲಿ ಎಂದು ಎಲ್ಲರೂ ಅಂದರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಮಾತ್ರ ತಲೆ ಎತ್ತಲಿಲ್ಲ. ಮಂತ್ರಿ ಆಗಿನ್ನೂ ಚಿಕ್ಕ ವಯಸ್ಸಿನವಳು, ಆದರೂ ಮೊದಲು ಗಮನಿಸಿದವಳು ಅವಳೇ. "ಅಜ್ಜಿ ಸುಮ್ನಿದ್ದಾರೆ, ಬಿಟ್ಟುಬಿಡ್ರೇ" ಎಂದಳು. ಬಿಟ್ಟರು. ಆ ಮುದುಕಿಯ ಗಂಡ ಮಲಗಿದ್ದಲ್ಲೇ ಆಗಿದ್ದ, ಅವನ ಹಾಸಿಗೆ ಒಗೆಯಲು ಅವಳಿಗೆ ಬಿಡುವಿದ್ದದ್ದೇ ಮಧ್ಯಾಹ್ನ ಎಂಬುದು ಆತ ಸತ್ತ ಮೇಲೆ ತಿಳಿಯಿತು. ಸುಮ್ಮನಿದ್ದವರನ್ನು ಗಮನಿಸುವ ಕಣ್ಣು ಇವಳಿಗಿದೆ ಎಂದು ಅಂದಿನಿಂದ ಎಲ್ಲರೂ ಅವಳ ಕಡೆ ನೋಡತೊಡಗಿದರು. ಅವಳ ಮಂತ್ರಿಗಿರಿ ಅಷ್ಟೇ.

ಇನ್ನು ಅವಳ ನಾದಿನಿ. ಗಂಡ ತೀರಿಹೋದ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವಳು. ಆಸ್ಪತ್ರೆಯ ಬಟ್ಟೆ ಒಗೆಯುವುದೇ ಅವಳ ಅನ್ನ, ಹಾಗಾಗಿ ಕಟ್ಟಕಡೆಯ ತೊಟ್ಟಿ ಅವಳದೇ ಎಂಬಂತಿತ್ತು. ಅಬ್ಬಾ, ಅವಳ ಗಂಟಲು! ಊರವರು ನಗಾರಿ ಎಂದೇ ಕರೆಯುತ್ತಿದ್ದರು. ಅತ್ತಿಗೆ ನಾದಿನಿ ಕೂಡಿ ಒಂದು ದುಪ್ಪಟಿ ಹಿಂಡುವಷ್ಟರಲ್ಲಿ ಎರಡು ಜಗಳ, ಒಂದು ರಾಜಿ ಮುಗಿಯುತ್ತಿತ್ತು. ಆದರೆ ಕಟ್ಟೆಯ ಮಾತು ಬಂದಾಗ ಆ ನಗಾರಿಯೂ, ಒಪ್ಪದಿದ್ದರೆ, ತುಟಿ ಬಿಗಿದು ನಿಲ್ಲುತ್ತಿದ್ದಳು. ಅವಳು ಸುಮ್ಮನಾದದ್ದು ಬೀದಿಗೇ ಕೇಳಿಸುತ್ತದೆ ಎಂದು ದರ್ಜಿ ನಗುತ್ತಿದ್ದ.

ಹೀಗಿರುವಾಗ ಪುರಸಭೆಯವರ ಕಣ್ಣು ಕಟ್ಟೆಯ ಮೇಲೆ ಬಿತ್ತು. ಸುಧಾರಣೆಯಂತೆ! ಹೊಸ ಮಾಡು, ತೊಟ್ಟಿಗೊಂದು ನಲ್ಲಿ, ಗೇಟು, ಕಾವಲುಗಾರ, ಎಲ್ಲವನ್ನೂ ಪುರಸಭೆ ನೇಮಿಸಿದ ಮೇಲ್ವಿಚಾರಕನ ಕೈಗೆ ಕೊಡುವುದು. ಜನರನ್ನು ಕೇಳದೆ ಮಾಡಬಾರದೆಂಬ ನಿಯಮ ಇತ್ತಂತೆ. ಅದಕ್ಕೇ ಸಭೆ ಕರೆದರು.

ಹೆಂಗಸರೆಲ್ಲ ಒಗೆದ ಬಟ್ಟೆ ಉಟ್ಟು ಹೋದರು. ದೊಡ್ಡ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ತುಂಬ ಹೊಸ ಕಟ್ಟೆಯ ಬಣ್ಣದ ಚಿತ್ರ. ಚಿತ್ರದೊಳಗೆ ಬಟ್ಟೆ ಒಗೆಯುವವರು ಯಾರೂ ಇರಲಿಲ್ಲ, ಹೂವಿನ ಕುಂಡಗಳಿದ್ದವು. ಅಧಿಕಾರಿ ಕೆಟ್ಟವನಲ್ಲ. ಮೆದು ಮಾತಿನ, ದಣಿದ ಕಣ್ಣಿನ ಮನುಷ್ಯ. ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿ, ಮೈಕು ಕೆಳಗಿಟ್ಟು ಕೇಳಿದ:

"ಇದಕ್ಕೆ ಯಾರದ್ದಾದ್ರೂ ಆಕ್ಷೇಪಣೆ ಇದೆಯಾ ತಾಯಂದಿರೇ? ಇದ್ರೆ ಈಗ್ಲೇ ಹೇಳಿ."

ನಗಾರಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಅವಳ ಗಂಟಲ ನರ ಉಬ್ಬಿತ್ತು. ಮಂತ್ರಿ ಅವಳ ಮಣಿಕಟ್ಟು ಹಿಡಿದು ಜಗ್ಗಿದಳು.

"ಕೂತ್ಕೊಳ್ಳೇ."

"ಅತ್ತಿಗೆ, ಬಿಡಿ, ಒಂದು ಮಾತು ಹೇಳಿಬಿಡ್ತೀನಿ."

"ಏನೂ ಬೇಡ. ಮಾತಾಡಿದ್ರೆ ಏನೋ ಚೌಕಾಸಿಗೆ ಬಂದಿದೀವಿ ಅನ್ಕೋತಾರೆ. ಬಾಯಿ ಬಿಡಬೇಡ. ನಾವೆಲ್ಲ ಒಂದೇ ಅಂತ ಅವರಿಗೂ ಗೊತ್ತಾಗಲಿ."

ನಗಾರಿ ಕೂತಳು. ಇಡೀ ಕೋಣೆಯಲ್ಲಿ ಪಿಟ್ಟೆನ್ನುವವರಿಲ್ಲ. ಫ್ಯಾನು ಮಾತ್ರ ಗಿರ್ರೆನ್ನುತ್ತಿತ್ತು. ಮಂತ್ರಿ ಸಾಲು ಸಾಲಾಗಿ ಕಣ್ಣು ಹಾಯಿಸಿದಳು. ಒಬ್ಬಳಾದರೂ "ಆಗಲಿ" ಅಂದಳೇ? ಇಲ್ಲ. ಮುದುಕಿಯರು, ಮೊನ್ನೆ ಮೊನ್ನೆ ಕಟ್ಟೆಗೆ ಬಂದವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವರು, ಎಲ್ಲರ ತುಟಿಯೂ ಹೊಲಿದ ಹಾಗೆ ಬಿಗಿದಿತ್ತು. ಕಟ್ಟೆಯಲ್ಲೂ ಇಷ್ಟು ಗಟ್ಟಿಯಾಗಿ ಯಾವ ಮಾತನ್ನೂ ಅವರು ತಳ್ಳಿಹಾಕಿರಲಿಲ್ಲ. ಹೆಮ್ಮೆಯಿಂದ ಅವಳ ಎದೆಯುಬ್ಬಿತು.

"ತುಂಬಾ ಸಂತೋಷ. ನಿಮ್ಮ ಸಹಕಾರಕ್ಕೆ ಧನ್ಯವಾದ," ಎಂದು ಅಧಿಕಾರಿ ಕೈಮುಗಿದ.

ಸೋತರೂ ಮರ್ಯಾದೆ ಬಿಡದ ಮನುಷ್ಯ ಎಂದುಕೊಂಡು ಇವರೂ ಕೈಮುಗಿದರು. ದಾರಿಯುದ್ದಕ್ಕೂ ನಗುವೋ ನಗು. ನಗಾರಿ ಒಬ್ಬಳೇ ಹಿಂದೆ ಹಿಂದೆ ಬರುತ್ತಿದ್ದಳು.

"ಅತ್ತಿಗೆ, ಆ ಮನುಷ್ಯ ಸೋತವನ ಹಾಗೆ ಕಾಣ್ಲಿಲ್ಲ."

"ನಿನಗೆ ಕಿರುಚದೆ ಇದ್ದಿದ್ದಕ್ಕೆ ಹೊಟ್ಟೆನೋವು ಬಂದಿದೆ, ಅಷ್ಟೆ," ಎಂದಳು ಮಂತ್ರಿ. ಮತ್ತೆ ಎಲ್ಲರೂ ನಕ್ಕರು. ಆ ನಗುವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗೇಟು ಬಂತು. ಗೇಟಿಗೆ ಬೀಗ ಬಂತು. ಬೀಗದ ಪಕ್ಕ ಕುರ್ಚಿ ಹಾಕಿಕೊಂಡು ಕಾವಲುಗಾರ ಬಂದ. ಗಂಟು ಹೊತ್ತು ಹೋದ ಹೆಂಗಸರು ಹೊರಗೆ ನಿಂತು ಮುಖ ಮುಖ ನೋಡಿಕೊಂಡರು. ಮಂತ್ರಿ ಗಂಟನ್ನು ಅಲ್ಲೇ ಇಳಿಸಿ, ನಗಾರಿಯನ್ನು ಕರೆದುಕೊಂಡು ನೇರ ಅಧಿಕಾರಿಯ ಕೋಣೆಗೆ ನಡೆದಳು.

"ನಮ್ಮನ್ನ ಕೇಳದೆ ಹೆಂಗೆ ಬೀಗ ಹಾಕಿದ್ರಿ ಸ್ವಾಮಿ?"

"ಕೇಳಿದ್ವಲ್ಲಮ್ಮ. ನೀವೇ ಒಪ್ಪಿದ್ರಿ."

"ನಾವು ಬಾಯೇ ಬಿಡ್ಲಿಲ್ಲವಲ್ಲ!"

"ಅದೇ ಮತ್ತೆ!" ಎಂದ ಅಧಿಕಾರಿ, ಇವಳೇ ತನ್ನ ಕಡೆ ಸಾಕ್ಷಿ ಹೇಳಿದಳೇನೋ ಎನ್ನುವಂತೆ.

ಮಂತ್ರಿ ಕುರ್ಚಿಯ ಬೆನ್ನು ಹಿಡಿದುಕೊಂಡೇ ಕಟ್ಟೆಯ ರೀತಿಯನ್ನು ಹೇಳಿದಳು. ಆಗಲಿ ಎನ್ನುವುದು, ಸುಮ್ಮನಿರುವುದು, ಮುದುಕಿಯ ಕತೆ, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ತನ್ನ ಕಿವಿಗೇ ಅದು ಮಕ್ಕಳಾಟದಂತೆ ಕೇಳತೊಡಗಿತು. ಅಧಿಕಾರಿ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

"ಇದನ್ನ ಆವತ್ತೇ ಹೇಳ್ಬೇಕಿತ್ತು ತಾಯಿ."

"ಹೇಳಿದ್ವಿ ಸ್ವಾಮಿ. ಎಲ್ರೂ ಕೂಡಿ ಹೇಳಿದ್ವಿ."

"ಮೇಲಿನವರ ಮಂಜೂರಾತಿ ಆಗಿಹೋಯ್ತು. ಈಗ ನನ್ನ ಕೈಲಿ ಏನೂ ಇಲ್ಲ," ಎಂದು ಅವನು ತನ್ನ ಎರಡೂ ಕೈ ಬಿಚ್ಚಿ ತೋರಿಸಿದ. ಸುಳ್ಳಲ್ಲ, ಅವನ ಕೈಯಲ್ಲೂ ಏನೂ ಇರಲಿಲ್ಲ. ಮೇಲಿನವರ ಬಳಿಗೂ ಹೋದರು. ಅವರು ಅದಕ್ಕಿಂತ ಮೇಲಿನವರ ಕಡೆ ಬೆರಳು ತೋರಿಸಿದರು. ಈ ಮೇಲು ಎನ್ನುವುದು ಎಲ್ಲಿ ಮುಗಿಯುತ್ತದೆಯೋ ಆ ದೇವರೇ ಬಲ್ಲ!

ಕೊನೆಗೆ ಕಟ್ಟೆಯ ಬಾಗಿಲು ತೆರೆಯಿತು, ಅನ್ಯಾಯ ಹೇಳಬಾರದು. ನಲ್ಲಿಗಳಲ್ಲಿ ನೀರೂ ಬರುತ್ತಿತ್ತು. ತೊಟ್ಟಿಗಳಿಗೆ ಅಂಕಿ ಬರೆದು, ಯಾರಿಗೆ ಯಾವುದು ಎಂದು ಮೇಲ್ವಿಚಾರಕ ಹಂಚಿದ. ಜೊತೆಯಲ್ಲಿ ನಿಲ್ಲುತ್ತಿದ್ದವರು ಆ ತುದಿಗೊಬ್ಬರು ಈ ತುದಿಗೊಬ್ಬರಾದರು. ಹೊತ್ತು ಮುಗಿದರೆ ಅವನು ಸೀಟಿ ಊದುವನು, ಸೋಪು ಹಚ್ಚಿದ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಈಚೆಗೆ ಬರಬೇಕು. ಕಟ್ಟಕಡೆಯ ತೊಟ್ಟಿಯನ್ನು ಒಡೆದು ಆ ಜಾಗದಲ್ಲಿ ಹೂವಿನ ಕುಂಡ ಇಟ್ಟರು. ಆಸ್ಪತ್ರೆಯ ಬಟ್ಟೆಯನ್ನು ಗೇಟಿನೊಳಗೆ ತರಬಾರದು ಎಂದರು.

ಆ ದಿನ ಹೆಂಗಸರು ಮೇಲ್ವಿಚಾರಕನನ್ನು ಸುತ್ತುಗಟ್ಟಿದರು. ಈ ಸಲ ಯಾರೂ ಸುಮ್ಮನಿರಲಿಲ್ಲ. "ಆಗಲ್ಲ! ಆಗಲ್ಲ!" ಎಂದು ಗಂಟಲು ಹರಿದುಕೊಂಡರು. ಕಟ್ಟೆಯ ತಗಡಿನಡಿ ಆ ಮಾತು ಹುಟ್ಟಿದ್ದು ಅದೇ ಮೊದಲು. ಅವನು ಪೂರ್ತಿ ಕೇಳಿಸಿಕೊಂಡ, "ನಿಮ್ಮ ಅಭಿಪ್ರಾಯ ಮೇಲಕ್ಕೆ ತಿಳಿಸ್ತೀನಿ" ಎಂದ, ಸೀಟಿ ಊದಿದ. ಹೊತ್ತು ಮುಗಿದಿತ್ತು.

ಆ ಗದ್ದಲದಲ್ಲಿ ಒಂದೇ ಒಂದು ಗಂಟಲು ಇರಲಿಲ್ಲವೆಂಬುದು ಮಂತ್ರಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ನಗಾರಿ ಈಗ ಹಿತ್ತಲಲ್ಲಿ, ದೊಡ್ಡ ಬಕೆಟ್ಟಿನಲ್ಲಿ ಒಗೆಯುತ್ತಾಳೆ. ಬೀದಿಯ ನಲ್ಲಿಯಿಂದ ನೀರು ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿದೆ. ಇಷ್ಟು ನೀರಲ್ಲಿ ಒಗೆದದ್ದು ಶುದ್ಧವಲ್ಲವೆಂದು ಆಸ್ಪತ್ರೆಯವರು ಅರ್ಧಕ್ಕರ್ಧ ಬಟ್ಟೆ ನಿಲ್ಲಿಸಿದ್ದಾರೆ. ದರ್ಜಿ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ಹೆಂಡತಿ ಒಳಗೆ ಬಂದರೆ "ಬಂದ್ಯಾ?" ಎನ್ನುತ್ತಾನೆ, ಯಂತ್ರ ತುಳಿಯುತ್ತಾನೆ.

ಒಂದು ಸಂಜೆ ಮಂತ್ರಿ ಹಿತ್ತಲಿಗೆ ಹೋದಳು. ನಗಾರಿ ಒಬ್ಬಳೇ ದುಪ್ಪಟಿಯ ಒಂದು ತುದಿಯನ್ನು ಬೇಲಿಯ ಗೂಟಕ್ಕೆ ಕಟ್ಟಿ ಹಿಂಡುತ್ತಿದ್ದಳು. ಮಂತ್ರಿ ಗೂಟದಿಂದ ಬಿಚ್ಚಿ ತಾನು ಹಿಡಿದುಕೊಂಡಳು. ಇಬ್ಬರೂ ತಿರುವಿದರು. ನೀರು ಇಬ್ಬರ ಪಾದದ ಮೇಲೂ ಸುರಿಯಿತು. ಮೊದಲಾಗಿದ್ದರೆ ಇಷ್ಟರಲ್ಲಿ ಎರಡು ಜಗಳ ಮುಗಿಯಬೇಕಿತ್ತು.

"ಆವತ್ತು ನಿನ್ನ ಕೈ ಹಿಡಿದು ಕೂರಿಸಬಾರದಿತ್ತು ಕಣೇ," ಎಂದಳು ಮಂತ್ರಿ.

ನಗಾರಿ ಇನ್ನೊಂದು ಸುತ್ತು ತಿರುವಿದಳು.

"ಬೈದುಬಿಡೇ. ಬಾಯಿಗೆ ಬಂದ ಹಾಗೆ ಬೈದುಬಿಡು, ಬೀದಿಗೆಲ್ಲ ಕೇಳಲಿ."

ಮಂತ್ರಿ ತನ್ನ ತುದಿಯನ್ನು ಬಿಡಲಿಲ್ಲ.

"ನನ್ನ ಮೇಲಿನ ಸಿಟ್ಟು ಬಿಟ್ಟುಬಿಡ್ತೀಯಾ? ಆಗಲಿ ಅನ್ನು. ಒಂದು ಸಲ ಅನ್ನೇ."

ನಗಾರಿ ದುಪ್ಪಟಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಕೊಡವಿ, ಹಗ್ಗದ ಮೇಲೆ ಹರವಿದಳು. ಸುಕ್ಕು ಬಿಡಿಸಿದಳು. ಆಮೇಲೆ ಬಕೆಟ್ಟಿನ ಮುಂದೆ ಕೂತು ಮುಂದಿನ ಬಟ್ಟೆಗೆ ಸೋಪು ಹಚ್ಚತೊಡಗಿದಳು. ಯಾಕೆ ಎಂದು ಕೇಳುವಂತಿರಲಿಲ್ಲ. ಮಂತ್ರಿ ಒದ್ದೆ ಕೈಯನ್ನು ಒರೆಸಿಕೊಂಡು ಒಳಗೆ ಹೋದಳು.