ದರ ಹೇಳಿ ಸುಮ್ಮನಾಗುತ್ತಿದ್ದ ಅಮ್ಮ

ಅಮ್ಮನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಇತ್ತು. ವರ್ಷಗಟ್ಟಲೆ ಅದೇ ಜಾಗದಲ್ಲಿ ದಾರ ಕಡಿದು ಕಡಿದು ಸವೆದದ್ದು. ಕತ್ತರಿ ಮೊಣಕಾಲ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಆದರೂ ಅವಳ ಕೈ ಅದರ ಕಡೆಗೆ ಹೋಗುತ್ತಿರಲಿಲ್ಲ. ಆ ಶುಕ್ರವಾರ ಸಂಜೆಯೂ ಹಾಗೆಯೇ ದಾರ ಕಡಿದು, ಮೆರೂನ್ ಬಣ್ಣದ ರೇಷ್ಮೆ ಸೀರೆಯೊಂದನ್ನು ಮಡಿಸಿ ಕವರಿನೊಳಗೆ ಇಟ್ಟು, "ಇವತ್ತಿಗೆ ಸಾಕು ಕಣೇ, ಮಿಷನ್ ಮುಚ್ಚು" ಎಂದಳು. ನಾನು ಮಿಷನ್ನಿಗೆ ಹಳೆಯ ಬೆಡ್‌ಶೀಟು ಹೊದಿಸಿದೆ. ದೀಪಾವಳಿ ಹತ್ತಿರ ಬಂದಿತ್ತು. ಚೆನ್ನೈಯ ಪುರಸೈವಾಕ್ಕಂನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ನುಸುಳಿಕೊಂಡು ಮನೆಗೆ ನಡೆದೆವು. ದಾರಿಯಲ್ಲಿ ಅಮ್ಮ ಮಲ್ಲಿಗೆ ಕೊಂಡು ಅರ್ಧ ನನಗೆ ಮುಡಿಸಿದಳು. ಅವಳ ಬಲಗೈ ಸರಿಯಾಗಿದ್ದ ಕೊನೆಯ ದಿನ ಅದು.

ಮರುದಿನ ಬೆಳಿಗ್ಗೆ ದಾರದ ಉಂಡೆಗಳನ್ನು ತರಲು ಪ್ಯಾರಿಸ್ ಕಾರ್ನರಿನ ಸಗಟು ಅಂಗಡಿಗಳಿಗೆ ಹೋದವಳು, ಮಳೆಯಲ್ಲಿ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಮಧ್ಯಾಹ್ನ ಮನೆಗೆ ಬಂದಾಗ ಮೊಣಕೈವರೆಗೆ ಬಿಳಿಯ ಕಟ್ಟು. ಇನ್ನೊಂದು ಕೈಯಲ್ಲಿ ದಾರದ ಚೀಲ ಹಾಗೇ ಇತ್ತು. ಆಸ್ಪತ್ರೆಯಲ್ಲಿಯೂ ಅದನ್ನು ಬಿಟ್ಟಿರಲಿಲ್ಲವಂತೆ.

ಅಮ್ಮನ ಕೆಲಸ ಸೀರೆಗಳಿಗೆ ಫಾಲ್ಸ್ ಹೊಲಿಯುವುದು, ಅಂಚು ಹೊಲಿಯುವುದು. ಚೆನ್ನೈಯಲ್ಲಿ ಅಂಚಿಗೆ ಓರಂ, ಸೀರೆಗೆ ಪುಡವೆ ಅನ್ನುತ್ತಾರೆ. ಅಮ್ಮನೂ ಕನ್ನಡದ ನಡುವೆ ಹಾಗೇ ಅನ್ನುತ್ತಿದ್ದಳು. "ಆ ಅಕ್ಕನ ಪುಡವೆಗೆ ಓರಂ ಆಯ್ತಾ?" ಅಂತ ಕೇಳಿದರೆ ಚೆನ್ನರಾಯಪಟ್ಟಣದಿಂದ ಬಂದ ನಮ್ಮ ನೆಂಟರು ನಗುತ್ತಿದ್ದರು. ಅಪ್ಪ ಅಂಬತ್ತೂರಿನ ಒಂದು ಕಂಪನಿಯಲ್ಲಿ ಗುಮಾಸ್ತರು. ಆ ಕೆಲಸಕ್ಕಾಗಿಯೇ ನಾವು ಈ ಊರಿಗೆ ಬಂದದ್ದು. ಅವರ ಸಂಬಳ ಬಾಡಿಗೆಗೂ ಅಕ್ಕಿ ಬೇಳೆಗೂ ಸರಿಹೋಗುತ್ತಿತ್ತು. ಅದರಾಚೆಗೆ ಏನು ಬೇಕಾದರೂ ಅದು ಅಮ್ಮನ ಮಿಷನ್ನಿನಿಂದಲೇ ಬರಬೇಕಿತ್ತು. ಬಟ್ಟೆಯಂಗಡಿಗಳ ಸಾಲಿನಲ್ಲಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗವನ್ನು ಅವಳು ಬಾಡಿಗೆಗೆ ಹಿಡಿದಿದ್ದಳು. ಎದ್ದು ನಿಂತರೆ ತಲೆ ತಾಗುತ್ತಿತ್ತು. ಜನ ಮೆಟ್ಟಿಲು ಹತ್ತಿ ಇಳಿದಾಗ ಧೂಳು ಉದುರುತ್ತಿತ್ತು. ಅದಕ್ಕೆ ಮೇಲೊಂದು ಬಟ್ಟೆ ಕಟ್ಟಿದ್ದೆವು.

ಆ ವರ್ಷ ಕಟ್ಟಡದ ಮಾಲೀಕ ದೀಪಾವಳಿಯಾದ ಮೇಲೆ ಜಾಗ ಬಿಡಬೇಕೆಂದು ಹೇಳಿದ್ದ. ಅಲ್ಲಿ ಲಿಫ್ಟ್ ಹಾಕಿಸುವವನಿದ್ದ. ಶಟರ್ ಇರುವ ಸಣ್ಣ ಅಂಗಡಿಯೊಂದು ಹಿಂದಿನ ಗಲ್ಲಿಯಲ್ಲಿ ಖಾಲಿಯಿತ್ತು. ಆದರೆ ಅದರ ಬಾಡಿಗೆ ಬಿಡಿ ಗಿರಾಕಿಗಳನ್ನು ನಂಬಿ ಕೊಡುವಂಥದ್ದಲ್ಲ. ಆಗಲೇ ಟಿ. ನಗರದ ಒಂದು ದೊಡ್ಡ ಸೀರೆ ಅಂಗಡಿಯ ಮ್ಯಾನೇಜರು ಅಮ್ಮನ ಕೆಲಸ ನೋಡಿ, ತಮ್ಮಲ್ಲಿ ಮಾರುವ ಸೀರೆಗಳ ಫಾಲ್ಸ್ ಕೆಲಸವನ್ನೆಲ್ಲ ಒಬ್ಬರಿಗೇ ಕೊಡುವ ಯೋಚನೆಯಿದೆ, ಬುಧವಾರ ಬಂದು ದರ ಮಾತಾಡಿ ಎಂದು ಹೇಳಿ ಕಳಿಸಿದ್ದರು. ಆ ಕೆಲಸ ಸಿಕ್ಕಿದರೆ ಶಟರ್ ಅಂಗಡಿ. ಸಿಗದಿದ್ದರೆ ಮಿಷನ್ ಮನೆಯ ಮೂಲೆಗೆ ವಾಪಸು. ಬುಧವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ ಅಮ್ಮನ ಕೈ ಹೀಗಾಗಿತ್ತು.

ಅಪ್ಪ, ತಾವು ಹೋಗಿ ಮಾತಾಡಿಕೊಂಡು ಬರಲೇ ಎಂದು ಕೇಳಿದರು. ಅಮ್ಮ ನೋವಿನಲ್ಲಿಯೂ ನಕ್ಕಳು. "ನೀವು ಹೋದ್ರೆ ಅವರ ಕಷ್ಟ ಕೇಳಿ, ನಮ್ಮ ಕೈಯಿಂದಾನೇ ದುಡ್ಡು ಕೊಟ್ಟು ಬರ್ತೀರ. ಇವಳು ಹೋಗ್ತಾಳೆ."

ನಾನು ಆಗ ಹನ್ನೆರಡನೆಯ ತರಗತಿ ಮುಗಿಸಿ ಎರಡು ವರ್ಷವಾಗಿತ್ತು. ಮುಂದೆ ಓದುವ ಆಸೆ ನನಗಿರಲಿಲ್ಲ. ಅಮ್ಮನ ಜೊತೆ ಮೆಟ್ಟಿಲ ಕೆಳಗೆ ಕೂರುವುದೇ ಇಷ್ಟವಾಗಿತ್ತು. ಹೊಲಿಗೆಯಲ್ಲಿ ಕೈ ಕುದುರಿತ್ತು. ಆದರೆ ದರ ಮಾತಾಡಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅದು ಅಮ್ಮನಿಗೂ ಗೊತ್ತಿತ್ತು.

ದರದ ವಿಷಯದಲ್ಲಿ ಅಮ್ಮನದು ಒಂದು ಪದ್ಧತಿ. ಗಿರಾಕಿ ಕೇಳಿದ ತಕ್ಷಣ, ಅವರ ಮುಖವನ್ನು ನೇರವಾಗಿ ನೋಡುತ್ತ ದರ ಹೇಳುತ್ತಿದ್ದಳು. ಹೇಳಿ, ದಾರದ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಸುಮ್ಮನಾಗುತ್ತಿದ್ದಳು. ಪಕ್ಕದ ಬೀದಿಯಲ್ಲಿ ಕಡಿಮೆಗೆ ಮಾಡುತ್ತಾರೆ ಎಂದರೂ ಸುಮ್ಮನೆ, ಹೋಗುವಂತೆ ಎರಡು ಹೆಜ್ಜೆ ಇಟ್ಟರೂ ಸುಮ್ಮನೆ. ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ. ಅವರು ಯೋಚನೆ ಮಾಡಿ ಮುಗಿಸಲಿ ಎಂದು ಕಾಯುವವಳ ಹಾಗೆ ಇರುತ್ತಿದ್ದಳು. ಹೆಚ್ಚಿನವರು ವಾಪಸು ಬಂದು ಸೀರೆ ಕೊಡುತ್ತಿದ್ದರು. ಹೋದವರು ಹೋಗುತ್ತಿದ್ದರು. ಅವರ ಬಗ್ಗೆ ಅಮ್ಮ ಮತ್ತೆ ಒಂದು ಮಾತನ್ನೂ ಆಡುತ್ತಿರಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಅಮ್ಮ ಊಟಕ್ಕೆ ಹೋದಾಗ ನಾನೊಬ್ಬಳೇ ಕುಳಿತಿದ್ದೆ. ಒಬ್ಬ ಹೆಂಗಸು ಸೀರೆ ಕೊಟ್ಟು ಎಷ್ಟು ಎಂದಳು. ಇಪ್ಪತ್ತು ರೂಪಾಯಿ ಎಂದೆ. ಅವಳು ಹುಬ್ಬು ಏರಿಸಿದಳು, ಅಷ್ಟೆ. ಬಾಯಿ ಬಿಟ್ಟು ಏನನ್ನೂ ಕೇಳಿರಲಿಲ್ಲ. ನಾನೇ ಅವಸರದಲ್ಲಿ, ಕೊಡುವುದನ್ನು ಕೊಡಿ ಅಕ್ಕಾ, ಎಂದು ತಮಿಳಿನಲ್ಲಿ ಹೇಳಿಬಿಟ್ಟೆ. ಅವಳು ಹತ್ತು ರೂಪಾಯಿ ಇಟ್ಟು ಸಂಜೆ ಬರುವುದಾಗಿ ಹೇಳಿ ಹೋದಳು. ಅಮ್ಮ ಬಂದಾಗ ಹೇಳಿದೆ. ಬೈಯಬಹುದೆಂದುಕೊಂಡಿದ್ದೆ. ಅವಳು ಆ ಸೀರೆಯನ್ನು ಎಲ್ಲ ಸೀರೆಗಳ ಹಾಗೆಯೇ ಜೋಪಾನವಾಗಿ ಹೊಲಿದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು.

"ಕೊಡೋದನ್ನ ಕೊಡಿ ಅನ್ನೋದು ದೇವಸ್ಥಾನದ ಮಂಗಳಾರತಿ ತಟ್ಟೆ ಹಿಡ್ಕೊಂಡೋರು ಕಣೇ. ನಾವು ಕೆಲಸ ಮಾಡಿದೀವಿ. ನಾವು ದರ ಹೇಳ್ಬೇಕು. ಹೇಳಿದ್ಮೇಲೆ ಬಾಯಿ ಮುಚ್ಕೊಂಡಿರ್ಬೇಕು."

ಮೊದಲನೆಯದು ಸುಲಭ, ಎರಡನೆಯದೇ ಕಷ್ಟ ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅಮ್ಮ ಚಪಾತಿ ಹಿಟ್ಟು ನಾದುತ್ತ ಗಿರಾಕಿಯಾಗುತ್ತಿದ್ದಳು. "ಎನ್ನಮ್ಮಾ, ಒರು ಫಾಲ್ಸುಕ್ಕು ಇವ್ವಳವಾ?" ಒಂದು ಫಾಲ್ಸಿಗೆ ಇಷ್ಟೊಂದಾ, ಎಂದು ಪುರಸೈವಾಕ್ಕಂನ ಹೆಂಗಸರ ಹಾಗೆಯೇ ಗಲ್ಲಕ್ಕೆ ಬೆರಳಿಟ್ಟು ಕೇಳುತ್ತಿದ್ದಳು. ಬೆರಳಿನ ಹಿಟ್ಟು ಗಲ್ಲಕ್ಕೆ ಅಂಟುತ್ತಿತ್ತು. ನಾನು ದರ ಹೇಳಿ ಸುಮ್ಮನಿರಬೇಕು. ನನಗೆ ನಗು ಬಂದರೆ ಮೊದಲಿನಿಂದ. ಅಪ್ಪ ಒಮ್ಮೆ ಪೇಪರು ಮಡಿಸಿಟ್ಟು ತಾವೂ ಅಂಗಡಿಯವರಾಗುತ್ತೇನೆಂದು ಬಂದರು. ಅಮ್ಮ ಹುಬ್ಬು ಏರಿಸುವ ಮೊದಲೇ ಐದು ರೂಪಾಯಿ ಇಳಿಸಿದರು. "ಇವರನ್ನ ನೋಡಿ ಕಲಿ, ಹೇಗಿರಬಾರದು ಅಂತ" ಎಂದಳು ಅಮ್ಮ. ಅಪ್ಪನೇ ಎಲ್ಲರಿಗಿಂತ ಜಾಸ್ತಿ ನಕ್ಕರು.

ದರ ಇಳಿಸದ ಅಮ್ಮ ಜಿಪುಣಿಯಾಗಿರಲಿಲ್ಲ. ಗಿರಾಕಿಯ ರವಿಕೆಯ ಹುಕ್ಕು ಸಡಿಲವಾಗಿದ್ದರೆ ತಾನೇ ಕರೆದು ಹೊಲಿದು ಕೊಡುತ್ತಿದ್ದಳು. ಅದಕ್ಕೆ ಕಾಸು ಇಲ್ಲ. ಸೆರಗಿನ ಕುಚ್ಚು ಬಿಚ್ಚಿಕೊಂಡಿದ್ದರೆ ಕಟ್ಟಿಕೊಡುತ್ತಿದ್ದಳು. "ಬೆಲೆ ಇಳಿಸ್ಬೇಡ. ಬೇಕಾದ್ರೆ ಒಂದು ಹುಕ್ ಜಾಸ್ತಿ ಹಾಕ್ಕೊಡು. ಬೆಲೆ ಇಳಿಸಿದ್ರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತೆ. ಹುಕ್ ಹಾಕ್ಕೊಟ್ರೆ ಅವರು ಮತ್ತೆ ಬರ್ತಾರೆ."

ಮಿಷನ್ನಿಗೂ ಅವಳು ಸಂಬಳ ಕೊಡುತ್ತಿದ್ದಳು. ಸಂಜೆ ಬಂದ ಹಣದಲ್ಲಿ ಮೊದಲು ಒಂದು ಪಾಲು ಮಿಷನ್ನಿನ ಡಬ್ಬಿಗೆ, ಆಮೇಲೆ ಮನೆಗೆ. ನಾನು ಹೊಲಿದ ದಿನ ನನಗೂ ಒಂದು ಪಾಲು. ದುಡಿಯುವವರಿಗೆಲ್ಲ ಕೊಡಬೇಕು, ಅದಕ್ಕೆ ಬಾಯಿಲ್ಲ ಅಂತ ಕೊಡದೇ ಇರುವುದು ಸರಿಯಲ್ಲ ಎಂದು ಅವಳ ವಾದ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಟ್ಟೆ ತರದ ವರ್ಷವಿತ್ತು, ಆದರೆ ಆ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಒಂದು ಬೇಸಿಗೆಯಲ್ಲಿ ಹಳೆಯ ಮಿಷನ್ ಪೂರ್ತಿ ಕೆಟ್ಟಾಗ, ಅಮ್ಮ ಸಾಲ ಕೇಳಲು ಯಾರ ಮನೆಗೂ ಹೋಗದೆ, ಅದೇ ದಿನ ಕರೆಂಟಿನ ಓರಂ ಮಿಷನ್ನನ್ನು ಆಟೋದಲ್ಲಿ ತಂದಿಳಿಸಿದಳು. "ಅದೇ ದುಡಿದು ಅದೇ ತಂದಿದ್ದು, ನಂದೇನಿಲ್ಲ" ಎಂದಳು. ಆ ದಿನ ಅವಳು ನಡೆದ ರೀತಿಯೇ ಬೇರೆ.

ಬುಧವಾರ ಬಂತು. ಅಮ್ಮ ಎಡಗೈಯಲ್ಲೇ ನನ್ನ ಜಡೆಗೆ ಪಿನ್ನು ಹಾಕಿದಳು. ದರ ಸೀರೆಗೆ ಹದಿನಾಲ್ಕು ರೂಪಾಯಿ ಎಂದು ತೀರ್ಮಾನವಾಗಿತ್ತು. ಬಿಡಿ ಗಿರಾಕಿಗಿಂತ ಕಡಿಮೆ, ಆದರೆ ನಮ್ಮ ದಾರ, ನಮ್ಮ ಶ್ರಮ, ಮಿಷನ್ನಿನ ಪಾಲು, ಸಹಾಯಕ್ಕೆ ಇಟ್ಟುಕೊಳ್ಳಬೇಕಾದ ಹೆಂಗಸರ ಕೂಲಿ ಎಲ್ಲ ಕೂಡಿಸಿ ಅದಕ್ಕಿಂತ ಇಳಿಯುವಂತಿಲ್ಲ. ಹೊರಡುವಾಗ ಬೇರೆ ಯಾವ ಬುದ್ಧಿಮಾತೂ ಹೇಳಲಿಲ್ಲ. ಬಸ್ಸಿನಿಂದ ಹುಷಾರಾಗಿ ಇಳಿ ಎಂದಳು.

ಮ್ಯಾನೇಜರ ಕೋಣೆ ಗಾಜಿನದು, ಒಳಗೆ ಚಳಿ. ಅವರು ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಅಮ್ಮ ಬರಲಿಲ್ಲವೇ ಎಂದು ಕೇಳಿದರು. ಕೈ ಮುರಿದದ್ದನ್ನು ಹೇಳಿದೆ. ಮುಚ್ಚಿಡಬಾರದೆಂದು ಅಮ್ಮನೇ ಹೇಳಿದ್ದಳು. ಹಾಗಾದರೆ ಕೆಲಸ ಯಾರು ಮಾಡುತ್ತಾರೆ ಎಂದರು. ನಾನು ಎಂದೆ. ನಾನು ಹೊಲಿದ ಎರಡು ಸೀರೆಗಳನ್ನು ಮೇಜಿನ ಮೇಲೆ ಬಿಡಿಸಿದೆ. ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, ಹತ್ತು ರೂಪಾಯಿಗೆ ಮಾಡುವವರು ಹೊರಗೆ ಕಾದು ನಿಂತಿದ್ದಾರೆ, ನಿನ್ನ ದರ ಹೇಳು ಎಂದರು.

"ಹದಿನಾಲ್ಕು ರೂಪಾಯಿ ಸಾರ್," ಎಂದೆ.

ಅವರು ಕುರ್ಚಿಗೆ ಒರಗಿ ನನ್ನನ್ನೇ ನೋಡಿದರು. ನಾನು ಸುಮ್ಮನಾದೆ. ಗಾಜಿನಾಚೆ ಹುಡುಗರು ಸೀರೆ ಬಿಡಿಸುತ್ತಿದ್ದರು, ಮಡಿಸುತ್ತಿದ್ದರು. ಫೋನ್ ಬಂತು. ಕಾಂಚೀಪುರದ ಯಾವುದೋ ಸರಕು ತಡವಾದ ವಿಷಯ ಮಾತಾಡಿದರು. ಇಟ್ಟರು. ಮತ್ತೆ ನನ್ನ ಕಡೆ ನೋಡಿದರು. ನನ್ನ ಕಂಕುಳು ಬೆವರಿತ್ತು. ಹಳೆಯ ಮಾತು ಗಂಟಲವರೆಗೂ ಬಂತು, ಕೊಡುವುದನ್ನು ಕೊಡಿ ಅಂತ. ತುಟಿ ಬಿಗಿ ಹಿಡಿದೆ. ಇನ್ನೊಂದು ಫೋನ್ ಬಂತು. ಅದೂ ಮುಗಿಯಿತು. ಏನಮ್ಮ, ಬಾಯಲ್ಲಿ ಏನಾದರೂ ಇಟ್ಟುಕೊಂಡಿದ್ದೀಯಾ, ಒಂದು ರೂಪಾಯಿಯಾದರೂ ಇಳಿಸುವುದಿಲ್ಲವೇ ಎಂದು ಕೇಳಿದರು.

ಇಲ್ಲ ಸಾರ್, ದರ ಅದೇ, ಆದರೆ ನೀವು ಕಳಿಸುವ ಯಾವ ಸೀರೆಯಲ್ಲಿ ಕುಚ್ಚು ಬಿಚ್ಚಿದ್ದರೂ ನಾವೇ ಕಟ್ಟಿ ಕಳಿಸುತ್ತೇವೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ ಎಂದೆ. ಅಷ್ಟು ಉದ್ದದ ಮಾತನ್ನು ಹೊರಗಿನವರ ಮುಂದೆ ನಾನು ಆಡಿದ್ದು ಅದೇ ಮೊದಲು. ಅವರು ನಕ್ಕುಬಿಟ್ಟರು. ಒಬ್ಬ ಹುಡುಗನನ್ನು ಕರೆದು, ಈ ಹುಡುಗಿಗೆ ಮೊದಲನೆಯ ಕಟ್ಟು ಇವತ್ತೇ ಕೊಟ್ಟು ಕಳಿಸು ಎಂದರು.

ಬಸ್ಸಿನಲ್ಲಿ ತರುವಷ್ಟು ಸಣ್ಣ ಕಟ್ಟಾಗಿರಲಿಲ್ಲ. ಆಟೋದಲ್ಲಿ, ತೊಡೆಯ ಮೇಲೂ ಕಾಲ ಬಳಿಯೂ ಸೀರೆ ತುಂಬಿಕೊಂಡು, ಗಲ್ಲದ ಮಟ್ಟಕ್ಕೆ ಬಂದ ಕಟ್ಟಿನ ಮೇಲಿಂದ ಊರು ನೋಡುತ್ತ ಬಂದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ ಎಂದರೆ ನನ್ನ ಯಜಮಾನರು ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೆ ಗೊತ್ತು. ಅಮ್ಮ ಗಲ್ಲಿಯ ತುದಿಯಲ್ಲಿ ಕಟ್ಟಿದ ಕೈ ಎದೆಗೊತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೀರೆಗಳನ್ನು ನೋಡಿದಳು, ಕೆಲಸ ಸಿಕ್ಕಿತೇ ಎಂದು ಕೇಳಲಿಲ್ಲ.

"ದರ ಹೇಳಿದ್ಮೇಲೆ ಎಷ್ಟು ಹೊತ್ತು ಸುಮ್ನಿದ್ದೆ?"

"ಅವರು ಎರಡು ಫೋನ್ ಮಾತಾಡಿ ಮುಗಿಸೋವರ್ಗೂ."

ಅಮ್ಮ ಹಲ್ಲಿನ ಕಚ್ಚು ಕಾಣುವ ಹಾಗೆ ನಕ್ಕಳು. ಎಡಗೈಯಿಂದ ನನ್ನ ಕೆನ್ನೆ ಹಿಡಿದು, "ನನಗಿಂತ ಜಾಸ್ತಿ ಕಣೇ" ಎಂದಳು. ಆಮೇಲೆ ದನಿ ಬದಲಾಯಿತು. "ಆಟೋದವನಿಗೆ ಎಷ್ಟು ಕೊಟ್ಟೆ?"

ಅವನು ಕೇಳಿದಷ್ಟು ಕೊಟ್ಟಿದ್ದೆ. ಅಮ್ಮ ಹಣೆ ಚಚ್ಚಿಕೊಂಡದ್ದನ್ನು ನೋಡಿ ಆಟೋದವನೂ ನಗುತ್ತ ಹೋದ.

ಆ ದೀಪಾವಳಿಗೆ ನಮ್ಮ ಮನೆಯಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಅಪ್ಪ ಕಂಪನಿಯಿಂದ ಬಂದು ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ದಿಂಬಿಗೆ ಚುಚ್ಚಿಡುತ್ತಿದ್ದರು. ಬೀದಿಯ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡೆವು. ಅವರನ್ನೂ ಅಮ್ಮ ಮೊದಲ ದಿನವೇ ಕೇಳಿದ್ದು, ನಿಮ್ಮ ಕೂಲಿ ಎಷ್ಟು ನೀವೇ ಹೇಳಿ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಡುವುದನ್ನು ಕೊಡಿ ಅಮ್ಮಾ ಎಂದರು. ಅಮ್ಮ ಒಪ್ಪಲಿಲ್ಲ. ಅವರ ಬಾಯಿಂದ ದರ ಬರುವವರೆಗೆ ಕೆಲಸ ಶುರುವಾಗಲಿಲ್ಲ.

ಹಬ್ಬವಾದ ತಿಂಗಳಿಗೆ ನಾವು ಶಟರ್ ಅಂಗಡಿಗೆ ಬಂದೆವು. ಮೊದಲ ದಿನ ಅಮ್ಮ ಒಳಗೆ ಹೋಗಿ ನೆಟ್ಟಗೆ ನಿಂತಳು. ಚಾವಣಿ ತಲೆಗೆ ತಾಗಲಿಲ್ಲ. ಬೋರ್ಡಿನಲ್ಲಿ ತಮಿಳಿನ ಕೆಳಗೆ ಸಣ್ಣದಾಗಿ ಕನ್ನಡದಲ್ಲಿಯೂ ಬರೆಸಿದೆವು. ನಾನು ಓದಿದ್ದು ತಮಿಳಿನ ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಅಮ್ಮನೇ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಕಲಿಸಿದ್ದಳು. ಈಗ ಇದನ್ನು ಬರೆಯುತ್ತಿರುವುದೂ ಆ ಅಕ್ಷರಗಳಲ್ಲೇ.

ಅವಳ ಮಣಿಕಟ್ಟು ಪೂರ್ತಿ ಸರಿಯಾಗಲಿಲ್ಲ. ಮತ್ತೆ ಮಿಷನ್ನಿನ ಮುಂದೆ ಕೂರಲಿಲ್ಲ. ಬಾಗಿಲ ಬಳಿ ಸ್ಟೂಲಿನಲ್ಲಿ ಕುಳಿತು, ಮುಗಿದ ಸೀರೆಯ ಅಂಚಿನ ಉದ್ದಕ್ಕೂ ಎಡಗೈಯ ಬೆರಳನ್ನು ಎಳೆಯುತ್ತಿದ್ದಳು. ಎಲ್ಲಿ ನಿಂತಿತೋ ಅಲ್ಲಿ ಹೊಲಿಗೆ ಸರಿಯಿಲ್ಲ ಎಂದು ಅರ್ಥ. ಹೀಗೆ ಇನ್ನೂ ಏಳು ವರ್ಷ ಅಂಗಡಿಗೆ ಬಂದಳು. ಮಿಷನ್ನುಗಳು ಆರಾದವು. ಎಲ್ಲವೂ ತಮ್ಮ ಸಂಬಳದಲ್ಲೇ ಬಂದವು, ಒಂದಕ್ಕೂ ಸಾಲವಿಲ್ಲ. ಮ್ಯಾನೇಜರು ನಿವೃತ್ತರಾಗುವ ಮುಂಚೆ ಒಂದು ದಿನ ಅಂಗಡಿಗೇ ಬಂದು, ಮಗಳ ಮದುವೆಯ ಸೀರೆಗಳನ್ನು ಅಮ್ಮನ ಕೈಗೆ ಕೊಟ್ಟರು. ಎಷ್ಟಾಗುತ್ತದೆ ಎಂದು ಕೇಳಿದರು. ಅಮ್ಮ ದರ ಹೇಳಿದಳು. ಅವರು ಚೌಕಾಸಿ ಮಾಡಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟು, ಎದೆ ಹಿಡಿದಂತಾಗುತ್ತಿದೆ ಎಂದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿದ್ದಳು. ಅಂಗಡಿ ಹದಿಮೂರು ದಿನ ಮುಚ್ಚಿತ್ತು. ಹದಿನಾಲ್ಕನೆಯ ದಿನ ನಾನೇ ಶಟರ್ ಎತ್ತಿದೆ. ಕಾಯುತ್ತಿದ್ದ ಸೀರೆಗಳು ಅಷ್ಟಿದ್ದವು.

ಈಗ ಹನ್ನೊಂದು ಜನ ನಮ್ಮಲ್ಲಿ ದುಡಿಯುತ್ತಾರೆ. ಹೋದ ವಾರ ಮೈಲಾಪೂರಿನ ಒಂದು ಅಂಗಡಿಯವರು ವರ್ಷದ ಕೆಲಸ ಕೊಟ್ಟರು, ನಾನು ಹೇಳಿದ ದರಕ್ಕೇ. ಸಂಜೆ ಮನೆಗೆ ಬಂದೆ. ಅಪ್ಪ ಸಂತೋಷಪಟ್ಟರು, ಮಕ್ಕಳು ಸಿಹಿ ಕೇಳಿದರು. ಅಮ್ಮನಿಗೆ ಹೇಳಬೇಕಿತ್ತು. ಅಮ್ಮ ಇಲ್ಲ.